ನಡುರಾತ್ರಿ ದಾಟಿದ ಮಾತು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮೊಹಲ್ಲಾಗಳಲ್ಲಿ ಮನೆಯೊಡೆಯ ಗಲ್ಫ್‌ನಲ್ಲಿರುವ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ನಡುರಾತ್ರಿ ಕಳೆದರೂ ಅಲ್ಲೊಂದು ಕೋಣೆಯಲ್ಲಿ ಬೆಳಕಿರುತ್ತದೆ. ರಿಯಾದ್‌ನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ಅಲ್ಲಿ ಅಂಗಡಿಯ ಬಾಗಿಲೆಳೆದು, ಉಂಡು, ಹತ್ತು ಗಂಟೆಗೆ ವೀಡಿಯೊ ಕರೆ ಮಾಡುವವನಿಗೆ ಇಲ್ಲಿ ಹನ್ನೆರಡೂವರೆಯಾಗಿರುವುದು ನೆನಪಿರುವುದಿಲ್ಲ. ಅವಳೂ ನೆನಪಿಸುವುದಿಲ್ಲ. ಐದು ನಿಮಿಷವೆಂದು ತೊಡಗಿದ್ದು ಎರಡಕ್ಕೆ ಮುಗಿಯುತ್ತದೆ. ಮರುದಿನ ಫಜ್ರ್ ನಮಾಝ್ ತಪ್ಪುತ್ತದೆ, ಮಕ್ಕಳಿಗೆ ಶಾಲೆಯ ಬಸ್ಸು ತಪ್ಪುತ್ತದೆ, ಅತ್ತೆಯ ಗೊಣಗಾಟ ಆರಂಭವಾಗುತ್ತದೆ.

ಇದಕ್ಕಾಗಿ ಮೊಬೈಲನ್ನು ಶಪಿಸುವುದು ಸುಲಭ. ಆದರೆ 2017ನೇ ಇಸವಿಯನ್ನು ನಾವು ಮರೆಯಬಾರದು. ಆ ಜುಲೈಯಲ್ಲಿ ಸೌದಿ ಸರಕಾರವು ವಿದೇಶಿ ನೌಕರರ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿತು. ವರ್ಷಂಪ್ರತಿ ಏರುತ್ತಾ 2020ರಲ್ಲಿ ಅದು 400 ತಲುಪಿತು. ಪತ್ನಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200 ರಿಯಾಲ್! ಸಾಧಾರಣ ಸಂಬಳದವರು ಸಂಸಾರವನ್ನು ಊರಿಗೆ ಕಳುಹಿಸದೆ ಇನ್ನೇನು ಮಾಡಿಯಾರು? ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಸರಕಾರ, ನಿಯಮ ಪಾಲಿಸುವ ಆ್ಯಪ್‌ಗಳ ಇಂಟರ್‌ನೆಟ್ ಕರೆಗಳ ಮೇಲಿದ್ದ ನಿಷೇಧವನ್ನು ತೆರವುಗೊಳಿಸಿತು. ಜೊತೆಗಿರಬೇಕಾದವರನ್ನು ದೂರ ಮಾಡಿದ ವ್ಯವಸ್ಥೆಯ ಬಗ್ಗೆ ಚಕಾರವೆತ್ತದೆ, ಅವರು ಪರದೆಯಲ್ಲಿ ಮುಖ ನೋಡಿಕೊಳ್ಳುವುದನ್ನು ಮಾತ್ರ ಖಂಡಿಸುವುದು ನ್ಯಾಯವಲ್ಲ.

ಹಿಂದೆ ಎಸ್‌ಟಿಡಿ ಬೂತಿನಲ್ಲಿ ಕಣ್ಣೆದುರಿಗೇ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಹೇಳಬೇಕಾದುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗುವವರಿದ್ದರು. 2016ರಲ್ಲಿ ಜಿಯೋ ಬಂದ ನಂತರ ಡೇಟಾ ಅಗ್ಗವಾಯಿತು, ಲೆಕ್ಕವಿಡುವ ಅಂಕಿ ಕಣ್ಮರೆಯಾಯಿತು. ಈಗ ಅಕ್ಕಿ ಡಬ್ಬಕ್ಕೆ ಮೊಬೈಲ್ ಒರಗಿಸಿಟ್ಟು ಅವಳು ಪಾತ್ರೆ ತೊಳೆಯುತ್ತಾಳೆ, ಅವನು ಅಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಾನೆ. ಇಬ್ಬರಿಗೂ ಮಾತಿಲ್ಲ, ಕರೆ ಮಾತ್ರ ಕಡಿಯುವುದಿಲ್ಲ. ವಾಸ್ತವದಲ್ಲಿ ಅದು ಮಾತಿಗಿಂತಲೂ ದೊಡ್ಡ ಹಸಿವು.

ಇಶಾ ನಮಾಝಿಗೆ ಮುನ್ನ ನಿದ್ರಿಸುವುದನ್ನೂ ಆ ಬಳಿಕ ಹರಟುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿಯಲ್ಲಿದೆ. ನಮ್ಮ ಭಾಷಣಕಾರರು ಇದನ್ನು ಹೇಳಿ ನಿಲ್ಲಿಸುತ್ತಾರೆ. ಇಬ್ನು ಅಬ್ಬಾಸ್(ರ) ತಮ್ಮ ಚಿಕ್ಕಮ್ಮ ಮೈಮೂನಾ(ರ)ರ ಮನೆಯಲ್ಲಿ ತಂಗಿದ್ದ ರಾತ್ರಿಯ ವರದಿಯೂ ಅದೇ ಗ್ರಂಥದಲ್ಲಿದೆ. ಅಂದು ಪ್ರವಾದಿ(ಸ) ಪತ್ನಿಯೊಡನೆ ಸ್ವಲ್ಪ ಹೊತ್ತು ಮಾತನಾಡಿದರು, ಅನಂತರ ಮಲಗಿದರು, ರಾತ್ರಿಯ ಕೊನೆಯ ಭಾಗದಲ್ಲಿ ನಮಾಝಿಗೆ ಎದ್ದರು. ಮನೆಯವರೊಡನೆ ಮಾತಿಗೆ ಅಡ್ಡಿಯಿರಲಿಲ್ಲ. ಆದರೆ ಅದು ಸ್ವಲ್ಪ ಹೊತ್ತಿನದಾಗಿತ್ತು.

ಹಾಗಾದರೆ ಬೇರೆ ಹೊತ್ತಿಲ್ಲವೇ? ಅಲ್ಲಿ ಬೆಳಿಗ್ಗೆ ಐದೂವರೆಯಾದಾಗ ಇಲ್ಲಿ ಎಂಟು ಗಂಟೆ. ಫಜ್ರ್ ಮುಗಿಸಿದ ತಂದೆ, ಸಮವಸ್ತ್ರ ತೊಟ್ಟ ಮಕ್ಕಳನ್ನು ನೋಡಬಹುದು. ಮಧ್ಯಾಹ್ನ ಅಂಗಡಿ ಮುಚ್ಚಿ ಸಂಜೆ ಮತ್ತೆ ತೆರೆಯುವ ಕೆಲಸದಲ್ಲಿರುವವರಿಗೆ ಎರಡರಿಂದ ನಾಲ್ಕರವರೆಗೆ ಬಿಡುವಿರುತ್ತದೆ. ಆಗ ಇಲ್ಲಿ ನಾಲ್ಕೂವರೆಯಿಂದ ಆರೂವರೆ, ಮಕ್ಕಳು ಶಾಲೆಯಿಂದ ಮರಳಿರುತ್ತಾರೆ. ಸೊಸೆ ನಡುರಾತ್ರಿಯನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಹಗಲಿನಲ್ಲಿ ಅವಳ ಕೈಗೆ ಮೊಬೈಲ್ ಬಂದೊಡನೆ ಅತ್ತೆ, ನಾದಿನಿ, ಪಕ್ಕದ ಮನೆಯವರೆಲ್ಲ ಪರದೆಯ ಮುಂದೆ ಸೇರುತ್ತಾರೆ. ಹಿರಿಯರು ಸಂಜೆ ಅರ್ಧ ಗಂಟೆ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಹೋಗಲಿ, ಸೊಸೆಗೆ ಕೋಣೆಯನ್ನು ಬಿಟ್ಟುಕೊಡಲಿ.