ಯಾರನ್ನೂ ನೋಯಿಸದ ವ್ಯಂಗ್ಯಚಿತ್ರ ಯಾರಿಗೆ ಬೇಕು?

ಜನವರಿ 26 ಬಂತೆಂದರೆ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆರ್.ಕೆ. ಲಕ್ಷ್ಮಣ್ ಹಾಜರು. ‘ನಮ್ಮ ಮೈಸೂರಿನವರು’, ‘ಕೊರವಂಜಿಗೆ ಚಿತ್ರ ಬರೆದವರು’. ಎಲ್ಲ ನಿಜ. 2015ರಲ್ಲಿ ಅದೇ ದಿನ ಅವರು ತೀರಿಕೊಂಡದ್ದೂ ಈ ಊರಲ್ಲೇ. ಅವರ ಶ್ರೀಸಾಮಾನ್ಯ ಇಲ್ಲಿನ ಸಿಂಬಯಾಸಿಸ್ ಆವರಣದಲ್ಲಿ ಪ್ರತಿಮೆಯಾಗಿ ನಿಂತಿದ್ದಾನೆ. ಆದರೆ ಆಮೇಲೆ ಬರುವ ಸಾಲು ನನ್ನ ಗಂಟಲಲ್ಲಿ ಇಳಿಯುವುದಿಲ್ಲ: ‘ಎಂಥ ಸಭ್ಯ ಹಾಸ್ಯ! ಯಾರ ಮನಸ್ಸನ್ನೂ ನೋಯಿಸಲಿಲ್ಲ.’

ಇದು ಹೊಗಳಿಕೆಯಲ್ಲ, ಅವಮಾನ. ನೋಯಿಸದಿದ್ದರೆ ಆ ಕೆಲಸವನ್ನು ಯಾಕೆ ಮಾಡಬೇಕಿತ್ತು?

ಲಕ್ಷ್ಮಣ್ ಮೆಚ್ಚಿದ್ದು ಡೇವಿಡ್ ಲೋ ಅವರನ್ನು. ಲೋ ಈ ಕಲೆಯ ತಂದೆಯೆಂದು ಕರೆದದ್ದು ಲಂಡನ್ನಿನ ಜೇಮ್ಸ್ ಗಿಲ್ರೇಯನ್ನು. 1792ರಲ್ಲಿ ಗಿಲ್ರೇ ಇಂಗ್ಲೆಂಡಿನ ಯುವರಾಜನನ್ನು ಹೇಗೆ ತೋರಿಸಿದ ಗೊತ್ತೆ? ಅಂಗಿಯ ಗುಂಡಿ ಕಿತ್ತುಬರುವಷ್ಟು ಹೊಟ್ಟೆ, ಫೋರ್ಕಿನಿಂದ ಹಲ್ಲು ಕೆದಕುವ ಕೈ, ಸುತ್ತ ತೀರಿಸದ ಬಿಲ್ಲುಗಳು. ಇಂಥ ಚಿತ್ರಗಳು ಅಂಗಡಿಯ ಕಿಟಕಿಗೆ ಬಂದರೆ ಬೀದಿಯಲ್ಲಿ ಜನ ಮುತ್ತುತ್ತಿದ್ದರು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಮತದ ಹಕ್ಕು ಕೇಳಲು ಸೇರಿದ್ದವರ ಮೇಲೆ ಕುದುರೆ ಸವಾರರು ನುಗ್ಗಿದಾಗ, ಜಾರ್ಜ್ ಕ್ರುಕ್‌ಶ್ಯಾಂಕ್ ಅದನ್ನು ಕಟುಕರ ಕೆಲಸವೆಂದೇ ಚಿತ್ರಿಸಿದ. ಮರುವರ್ಷ ಅದೇ ಯುವರಾಜ ನಾಲ್ಕನೇ ಜಾರ್ಜ್ ಆಗಿ ಪಟ್ಟಕ್ಕೇರಿದ. ತನ್ನನ್ನು ಅಸಹ್ಯವಾಗಿ ಬರೆಯಬೇಡ ಎಂದು ಕ್ರುಕ್‌ಶ್ಯಾಂಕ್‌ಗೆ ಅರಮನೆಯಿಂದ 100 ಪೌಂಡ್ ಹೋಯಿತು. ಅವನು ಹಣ ತೆಗೆದುಕೊಂಡ. ಕೆಲವೇ ತಿಂಗಳಲ್ಲಿ ವಿಲಿಯಂ ಹೋನ್‌ನ ಕಿರುಪುಸ್ತಕಕ್ಕೆ ಮತ್ತೆ ಅದೇ ರಾಜನನ್ನು ಗೇಲಿ ಮಾಡಿ ಬರೆದ!

ನೋಯದ ರಾಜ ಲಂಚ ಕೊಡುವುದಿಲ್ಲ.

ನಮ್ಮಲ್ಲಿ ಲಂಚದ ಖರ್ಚೂ ಇಲ್ಲ, ಪೊಲೀಸ್ ಠಾಣೆಯೇ ಸಾಕು. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಬಂಧನಕ್ಕೊಳಗಾದರು. ಅವರು ಏನನ್ನೂ ಬರೆದಿರಲಿಲ್ಲ. ಮಮತಾ ಬ್ಯಾನರ್ಜಿಯವರ ಮೇಲಿನ ವ್ಯಂಗ್ಯಚಿತ್ರವೊಂದನ್ನು ತಮ್ಮ ಹೌಸಿಂಗ್ ಸೊಸೈಟಿಯವರಿಗೆ ಈಮೇಲ್‌ನಲ್ಲಿ ಕಳಿಸಿದ್ದರು, ಅಷ್ಟೆ. ಪ್ರಕರಣದಿಂದ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. ಅದೇ 2012ರ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಅಸೀಮ್ ತ್ರಿವೇದಿ ಮೇಲೆ ರಾಜದ್ರೋಹದ ಆರೋಪ. 1897ರಲ್ಲಿ ಪುಣೆಯ ತಿಲಕರನ್ನು ಜೈಲಿಗೆ ಕಳಿಸಿದ 124ಎ ಕಲಮೇ ಅದು. ಅಲ್ಲಿದ್ದದ್ದು ಒಂದು ಪಕ್ಷದ ಸರ್ಕಾರ, ಇಲ್ಲಿದ್ದದ್ದು ಇನ್ನೊಂದರದ್ದು. ಬಣ್ಣ ಬೇರೆ, ಮುನಿಸು ಒಂದೇ.

‘ನಾವು ಹೊಟ್ಟೆಪಾಡಿಗೆ ಬಂದವರು, ಪರವೂರಿನವರು, ಯಾಕೆ ಬೇಕು ಉಸಾಬರಿ?’ ಎನ್ನುತ್ತಾರೆ ಗೆಳೆಯರು. ಭಯ ಸುಳ್ಳಲ್ಲ, ಸಾಲದ ಕಂತು, ಮಕ್ಕಳ ಫೀಸು ನನಗೂ ಇದೆ. ಯಾರೂ ಕೆಲಸ ಕಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಸೊಸೈಟಿ ಗುಂಪಿನಲ್ಲಿ ರಸ್ತೆಗುಂಡಿಯ ಮೇಲೊಂದು ಕಾರ್ಟೂನ್ ಬಿದ್ದರೂ ಹತ್ತು ನಿಮಿಷದಲ್ಲಿ ‘ನೋ ಪಾಲಿಟಿಕ್ಸ್ ಪ್ಲೀಸ್’ ಎಂದು ಅಳಿಸುವವರು ಪೊಲೀಸರಲ್ಲ, ನಾವೇ. ನಮ್ಮ ಅಂಜಿಕೆಗೆ ‘ಸಭ್ಯತೆ’ ಎಂದು ಹೆಸರಿಟ್ಟು ಅದನ್ನು ಲಕ್ಷ್ಮಣ್ ತಲೆಗೆ ಕಟ್ಟುವುದು ಯಾವ ನ್ಯಾಯ?

ಶ್ರೀಸಾಮಾನ್ಯ ಬಾಯಿ ಬಿಡಲಿಲ್ಲ, ಒಪ್ಪುತ್ತೇನೆ. ಅವನನ್ನು ಬರೆದವರು ಸುಮ್ಮನಿದ್ದರೆ? ದಶಕಗಳ ಕಾಲ ಪತ್ರಿಕೆಯಲ್ಲಿ ಮಂತ್ರಿ, ಪ್ರಧಾನಿ ಎನ್ನದೆ ಎಲ್ಲರ ಮೂಗು, ಟೋಪಿ, ಸುಳ್ಳು ಭರವಸೆಗಳನ್ನು ಎಳೆದು ತೋರಿಸಿದರು. ನಾವು ಅವನ ಮೌನವನ್ನಷ್ಟೇ ಕಲಿತೆವು, ಅವರ ಕುಂಚವನ್ನು ಮರೆತೆವು.

ಮುಂದಿನ ಜನವರಿ 26ಕ್ಕೆ ಹೂವಿನ ಫೋಟೊ ಬೇಡ. ಗುಂಪಿನಲ್ಲಿ ಯಾರಾದರೂ ನೀವು ಮತ ಹಾಕಿದ ನಾಯಕನ ವ್ಯಂಗ್ಯಚಿತ್ರ ಹಾಕಿದರೆ, ನೋವಾದರೂ ಅದನ್ನು ಅಳಿಸದೆ ಬಿಡಿ. ಲಕ್ಷ್ಮಣ್‌ಗೆ ಅಷ್ಟು ಮಾಡಿದರೆ ಸಾಕು.