ಮಂಚವಿಲ್ಲದ ಮಲಗುವ ಕೋಣೆ

ಗುಬ್ಬಿಯ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಜನಕ್ಕೆ ಪ್ರಾಣ. ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಬೇಸಾಯಗಾರನು ದುರ್ಯೋಧನನಾಗುತ್ತಾನೆ, ಅಂಗಡಿಯವನು ಶಕುನಿಯಾಗುತ್ತಾನೆ, ಹಾರ್ಮೋನಿಯಂ ಮೇಷ್ಟರು ಶ್ರೀಕೃಷ್ಣನಿಗಿಂತಲೂ ದೊಡ್ಡವರಾಗುತ್ತಾರೆ. ಕಿರೀಟ, ಗದೆ, ಪರದೆಗಳೆಲ್ಲ ಬಾಡಿಗೆಗೆ ಬರುತ್ತವೆ. ಶಯನಗೃಹದ ದೃಶ್ಯಕ್ಕೆ ಬೇಕಾದ ಮಂಚವನ್ನು ಮಾತ್ರ ಊರಿನ ಯಾರಾದರೂ ಅನುಕೂಲಸ್ಥರ ಮನೆಯಿಂದ ಎರವು ತರುವುದುಂಟು. ಆ ಮಂಚದ ಮೇಲೆ ಕೃಷ್ಣನು ಕಣ್ಣು ಮುಚ್ಚಿ ಮಲಗುತ್ತಾನೆ. ದುರ್ಯೋಧನನು ಬಂದು ತಲೆದೆಸೆಯಲ್ಲಿ ಕೂರುತ್ತಾನೆ. ಅರ್ಜುನನು ಕಾಲ್ದೆಸೆಯಲ್ಲಿ ಕೈ ಮುಗಿದು ನಿಲ್ಲುತ್ತಾನೆ. ಕಣ್ಣು ತೆರೆದವನಿಗೆ ಮೊದಲು ಕಾಣುವವನು ಯಾರು? ಹದಿನೆಂಟು ಅಕ್ಷೋಹಿಣಿಯ ಹಣೆಯಬರಹವು ಹೀಗೆ ಒಂದು ಮಂಚದ ಎರಡು ತುದಿಗಳಿಂದ ನಿಶ್ಚಯವಾಯಿತು. ದ್ವಾರಕೆಯ ಅರಸನು ಅಂದು ನೆಲದ ಮೇಲೆ ಚಾಪೆ ಹಾಸಿಕೊಂಡು ಗೋಡೆಯ ಕಡೆಗೆ ಹೊರಳಿದ್ದರೆ ಭಾರತದ ಕಥೆ ಏನಾಗುತ್ತಿತ್ತೋ!

ಮಂಚವೆಂಬ ಮಾತಿಗೆ ಮೊದಲಿನಿಂದಲೂ ಎರಡು ಅರ್ಥಗಳಿವೆ. ಎತ್ತರಿಸಿದ ಜಗಲಿ, ವೇದಿಕೆ ಎಂಬುದು ಒಂದು. ಮಲಗುವ ಸಾಧನ ಎಂಬುದು ಇನ್ನೊಂದು. ರಂಗಮಂಚವೂ ಮಲಗುವ ಮಂಚವೂ ಒಂದೇ ಪದದ ಮಕ್ಕಳು. ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪೆನಿಯಿಂದಲೂ, ೧೮೯೧ರಲ್ಲಿ ಜನಿಸಿ ೧೯೭೨ರವರೆಗೆ ಬದುಕಿದ ವೀರಣ್ಣನವರಿಂದಲೂ ಗುಬ್ಬಿಯ ಹೆಸರು ಮೊದಲನೆಯ ಮಂಚಕ್ಕೆ ಶಾಶ್ವತವಾಗಿ ಅಂಟಿಕೊಂಡಿದೆ. ೧೯೩೪ರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದ ಕಂಪೆನಿ ಅದು. ಆದರೆ ಇಲ್ಲಿಯ ವಿಷಯ ಎರಡನೆಯ ಮಂಚ. ಅದು ಈಗ ಮನೆಗಳಿಂದ ಮೆಲ್ಲನೆ ಹೊರಗೆ ಹೋಗುತ್ತಿದೆ.

ಹೊರಗೆ ಕಳಿಸುತ್ತಿರುವುದು ಬಡತನವಲ್ಲ, ಸೊಗಸು. ಗೃಹಾಲಂಕಾರದ ಚಿತ್ರಗಳಲ್ಲಿ ಈಗ ಕಾಲಿಲ್ಲದ ಹಾಸಿಗೆಗಳೇ ಹೆಚ್ಚು: ನೆಲದಿಂದ ಗೇಣುದ್ದ ಮೇಲಿರುವ ಹಲಗೆ, ಅದರ ಮೇಲೊಂದು ದಪ್ಪ ಹಾಸಿಗೆ, ಪಕ್ಕದಲ್ಲಿ ಒಂದು ಹೂಕುಂಡ, ಗೋಡೆಗೆ ಒಂದು ಮಂದವಾದ ದೀಪ. ತರುಣ ದಂಪತಿಗಳಿಗೆ ಇದು ಹಿಡಿಸುವುದು ಸಹಜ. ಹತ್ತಡಿ ಚೌಕದ ಕೋಣೆಯಲ್ಲಿ ಆರಡಿಗೆ ಆರೂವರೆ ಅಡಿಯ ಜೋಡಿಮಂಚವನ್ನು ಇಟ್ಟರೆ ನೂರು ಚದರಡಿಯಲ್ಲಿ ಮೂವತ್ತೊಂಬತ್ತು ಚದರಡಿ ಮುಗಿಯಿತು. ಬೀರು ಬಂದ ಮೇಲೆ ಗಂಡ ಹೆಂಡತಿ ಒಬ್ಬರಾದ ಮೇಲೊಬ್ಬರು ಓಡಾಡಬೇಕು. ಮಂಚ ತಗ್ಗಾದರೆ ಜಾಗವೇನೂ ಬೆಳೆಯುವುದಿಲ್ಲ. ಆದರೆ ಗೋಡೆ ಹೆಚ್ಚು ಕಾಣುತ್ತದೆ, ಕಣ್ಣಿಗೆ ಕೋಣೆ ಹಿಗ್ಗುತ್ತದೆ. ನಿಜವಾಗಿ ಜಾಗ ಬೇಕಾದವರು ಹಗಲಿನಲ್ಲಿ ಹಾಸಿಗೆಯನ್ನೇ ಸುತ್ತಿಡಬೇಕು.

ಸುತ್ತಿಡುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಈಚಲ ಗರಿಯ ಚಾಪೆ, ಅದರ ಮೇಲೊಂದು ಜಮಖಾನ ಅಥವಾ ಕಂಬಳಿ, ಹೊದೆಯಲು ಇನ್ನೊಂದು ಕಂಬಳಿ. ಬಯಲುಸೀಮೆಯ ಮನೆಯ ರಾತ್ರಿಯೆಲ್ಲ ಇಷ್ಟರಲ್ಲೇ ಅಡಗಿತ್ತು. ಬೆಳಗಾಗುತ್ತಲೇ ಎಲ್ಲವೂ ಸುರುಳಿಯಾಗಿ ಮೂಲೆ ಸೇರುತ್ತಿತ್ತು. ಮಲಗಿದ ನಡುಮನೆಯಲ್ಲಿಯೇ ಎಲೆ ಹಾಕಿ ಊಟ ಬಡಿಸುತ್ತಿದ್ದರು. ಪ್ರಯಾಣಕ್ಕೆ ಹೊರಟರೆ ಅದೇ ಸುರುಳಿ ಹೋಲ್ಡಾಲಿನೊಳಗೆ ಸೇರಿ ರೈಲು ಹತ್ತುತ್ತಿತ್ತು. ಜಪಾನಿನವರು ಈ ಪದ್ಧತಿಯನ್ನೇ ಒಂದು ಕಲೆಯಾಗಿ ಬೆಳೆಸಿದರು. ಅಲ್ಲಿ ಭತ್ತದ ಹುಲ್ಲನ್ನು ಬಿಗಿದು, ಮೇಲೆ ಜೊಂಡಿನ ನೇಯ್ಗೆ ಹೊದಿಸಿದ ‘ತತಾಮಿ’ಯೇ ಕೋಣೆಯ ನೆಲ. ಒಂದೊಂದೂ ಸುಮಾರು ಮೂರಡಿ ಅಗಲ, ಆರಡಿ ಉದ್ದ. ಕೋಣೆಯ ಅಳತೆಯನ್ನು ಅವರು ಹೇಳುವುದೂ ಆರು ಚಾಪೆಯ ಕೋಣೆ, ನಾಲ್ಕೂವರೆ ಚಾಪೆಯ ಕೋಣೆ ಎಂದೇ. ರಾತ್ರಿ ಅದರ ಮೇಲೆ ಹತ್ತಿಯ ‘ಫುತೊನ್’ ಹಾಸಿಗೆ ಬಿಚ್ಚುತ್ತಾರೆ. ಬೆಳಗ್ಗೆ ಮಡಿಸಿ ಗೋಡೆಯ ಗೂಡಿನಲ್ಲಿಡುತ್ತಾರೆ. ಬಿಸಿಲು ಬಂದ ದಿನ ಹೊರಗೆ ಒಣಹಾಕುತ್ತಾರೆ.

ನೆಲದ ಹಾಸಿಗೆಯ ಪ್ರಾಣವಿರುವುದು ಈ ಒಣಹಾಕುವುದರಲ್ಲಿಯೇ. ಚಿತ್ರ ನೋಡಿ ಮರುಳಾದವರು ಮರೆಯುವುದೂ ಇದನ್ನೇ. ಮಲಗಿದ ಮನುಷ್ಯನ ಮೈ ರಾತ್ರಿಯಿಡೀ ಬೆವರನ್ನು ಬಿಡುತ್ತಿರುತ್ತದೆ. ಆ ತೇವವು ಹಾಸಿಗೆಯೊಳಗೆ ಇಳಿದು, ತಳದಲ್ಲಿ ತಣ್ಣನೆಯ ಕಲ್ಲನ್ನೋ ಟೈಲನ್ನೋ ಮುಟ್ಟಿದಾಗ ಅಲ್ಲಿಯೇ ನೀರಾಗಿ ನಿಲ್ಲುತ್ತದೆ. ತತಾಮಿಯಾದರೆ ಅದನ್ನು ಹೀರುತ್ತದೆ. ನುಣುಪಾದ ಗ್ರಾನೈಟು ಹೀರುವುದಿಲ್ಲ. ಸಾವಿರಾರು ರೂಪಾಯಿಯ ಹಾಸಿಗೆಯನ್ನು ಬರಿಯ ನೆಲದ ಮೇಲೆ ಒಂದು ಮಳೆಗಾಲ ಕದಲಿಸದೆ ಬಿಟ್ಟವರು, ದೀಪಾವಳಿಗೆ ಮನೆ ತೊಳೆಯುವಾಗ ಅದನ್ನು ಎತ್ತಿ ನೋಡಿದರೆ ತಳದಲ್ಲಿ ಬೂಷ್ಟಿನ ಕರಿಯ ನಕ್ಷೆ ಕಾಣುತ್ತದೆ.

ಗುಬ್ಬಿಯ ತೆಂಗಿನ ತೋಟದವನಿಗೆ ಈ ಪಾಠವನ್ನು ಜಪಾನಿನವನು ಹೇಳಿಕೊಡಬೇಕಾಗಿಲ್ಲ. ಗುಬ್ಬಿ, ತಿಪಟೂರು, ತುರುವೇಕೆರೆಗಳ ಕಡೆ ಕೊಬ್ಬರಿಗೆಂದು ಇಳಿಸಿದ ಕಾಯಿಯು ಸಿಪ್ಪೆಯೊಡನೆಯೇ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಮಲಗಿರುತ್ತದೆ. ಕುಂಭಕರ್ಣನಿಗೂ ಅಷ್ಟು ದೀರ್ಘವಾದ ನಿದ್ರೆ ಇರಲಿಲ್ಲ. ಆ ಅಟ್ಟಕ್ಕೆ ರೈತನು ಅಡಕೆಯ ದಬ್ಬೆಗಳನ್ನು ಸಂದು ಬಿಟ್ಟು ಹಾಸುತ್ತಾನೆ. ಗಾಳಿ ಕೆಳಗಿನಿಂದ ಆಡಬೇಕು. ಇಲ್ಲವಾದರೆ ಕಾಯಿ ಕೆಡುತ್ತದೆ. ಕಾಯಿಗೆ ಸಲ್ಲುವ ನ್ಯಾಯ ಮನುಷ್ಯನ ಹಾಸಿಗೆಗೂ ಸಲ್ಲುತ್ತದೆ. ಮೂರು ನಾಲ್ಕು ಅಂಗುಲ ಎತ್ತರದ ಒಂದು ಮರದ ಚೌಕಟ್ಟು, ಅದರ ಮೇಲೆ ಎರಡೆರಡು ಅಂಗುಲ ಸಂದು ಬಿಟ್ಟು ಬಡಿದ ಪಟ್ಟಿಗಳು. ಊರಿನ ಬಡಗಿಯೇ ಮಾಡಿಕೊಡಬಲ್ಲ ಈ ಕೆಲಸದಿಂದ ತಗ್ಗು ಹಾಸಿಗೆಯ ಚೆಲುವೂ ಉಳಿಯುತ್ತದೆ, ಹಾಸಿಗೆಯೂ ಉಳಿಯುತ್ತದೆ.

ಅಟ್ಟದ ಕಾಯಿಯ ಸಿಪ್ಪೆಯೇ ಮುಂದೆ ಹಾಸಿಗೆಯಾಗುವುದೂ ಉಂಟು. ನಾರನ್ನು ಹುರಿಯಂತೆ ತಿರುಚಿ, ಬಿಚ್ಚಿ ಗುಂಗುರಾಗಿಸಿ, ರಬ್ಬರಿನ ಹಾಲನ್ನು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ ಕಾಯಿಸಿದರೆ ಅದು ಪುಟಿಯುವ ದಿಂಡಾಗುತ್ತದೆ. ೧೯೬೨ರಲ್ಲಿ ಆರಂಭವಾದ ಕರ್ಲಾನ್ ಸಂಸ್ಥೆಯಿಂದ ಈ ನಾರಿನ ಹಾಸಿಗೆ ಮಧ್ಯಮವರ್ಗದ ಮನೆಮಾತಾಯಿತು. ಬೂರುಗದ ಹತ್ತಿಯ ಹಾಸಿಗೆಯಷ್ಟು ಇದು ಮೆತ್ತಗಿರುವುದಿಲ್ಲ. ಆದರೆ ಒಳಗೆ ಗಾಳಿ ಆಡುತ್ತದೆ, ನಡುವೆ ಕುಸಿಯುವುದು ನಿಧಾನ. ತಗ್ಗು ಚೌಕಟ್ಟಿಗೆ ಇದೇ ಮೇಲು. ಹತ್ತಿಯದಾದರೋ ಗಂಟುಕಟ್ಟಿದಾಗ ಬಿಚ್ಚಿ ಹಿಂಜಿಸಬೇಕು. ಬಿಲ್ಲನ್ನು ಹೆಗಲಿಗೇರಿಸಿ, ತಂತಿ ಮೀಟಿ ಸದ್ದು ಮಾಡುತ್ತ ಬೀದಿಯಲ್ಲಿ ಬರುತ್ತಿದ್ದ ಹಿಂಜುವವರು ಈಗ ಅಪರೂಪ.

ಮರವೇ ಬೇಡವೆನ್ನುವವರಿಗೆ ಕಟ್ಟೆಯಿದೆ. ಹೊಸ ಮನೆ ಕಟ್ಟುವಾಗಲೇ ಕೋಣೆಯ ಒಂದು ಮಗ್ಗುಲಿಗೆ ಇಟ್ಟಿಗೆಯಲ್ಲಿ ಕಟ್ಟೆ ಎತ್ತಿ, ಕೆಳಗೆ ಗೂಡುಗಳನ್ನು ಬಿಟ್ಟು, ಮೇಲೆ ಕಲ್ಲು ಹಾಸಿ, ಕಲ್ಲಿನ ಮೇಲೆ ಮರದ ಪಟ್ಟಿ ಹರಡುವುದು. ಇದಕ್ಕೆ ಕೀಲಿಲ್ಲ, ಆದುದರಿಂದ ಕಿರಕಿರ ಸದ್ದಿಲ್ಲ, ತಿಗಣೆಗೆ ಮನೆಯಿಲ್ಲ. ಹಳೆಯ ಮಂಚವನ್ನು ಅಂಗಳಕ್ಕೆ ಹೊತ್ತು, ಅದರ ಸಂದುಗಳಿಗೆ ಕುದಿಯುವ ನೀರು ಹೊಯ್ದ ನೆನಪಿರುವ ಗೃಹಿಣಿಯರು ಈ ಗುಣಕ್ಕೆ ಬೆಲೆ ಕಟ್ಟಬಲ್ಲರು. ದೋಷವೆಂದರೆ ಒಂದೇ: ಕಟ್ಟೆಯನ್ನು ಇನ್ನೊಂದು ಕೋಣೆಗೆ ಸರಿಸಲಾಗದು. ವರ್ಗದ ನೌಕರಿಯವರಿಗೂ ಬಾಡಿಗೆಯ ಮನೆಯವರಿಗೂ ಅದು ಹೇಳಿದ್ದಲ್ಲ.

ಅಂಥವರು ದಿವಾನಿನ ಮೊರೆಹೋಗುತ್ತಾರೆ. ಈ ಪದದ ಚರಿತ್ರೆ ಬಲು ಸೊಗಸಾದುದು. ಪಾರಸಿಯ ‘ದೀವಾನ್’ ಎಂದರೆ ಮೊದಲು ಲೆಕ್ಕದ ಕಡತ. ಆಮೇಲೆ ಕಡತಗಳಿರುವ ಕಚೇರಿ, ರಾಜಸಭೆ. ಸಭೆಯ ಗೋಡೆಯುದ್ದಕ್ಕೂ ಇರುತ್ತಿದ್ದ ಮೆತ್ತೆಯ ಪೀಠಕ್ಕೂ ಅದೇ ಹೆಸರು ಬಂದಿತು. ಆ ಕಚೇರಿಯ ಮುಖ್ಯಾಧಿಕಾರಿಗೂ ಅದೇ ಹೆಸರು ಬಂದಿತು. ಮೈಸೂರಿನಲ್ಲಿ ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ ಮೊದಲಾದವರು ಅಲಂಕರಿಸಿದ ಪದವಿಯೂ, ನಡುಮನೆಯಲ್ಲಿ ಮಕ್ಕಳು ಕುಣಿದಾಡುವ ‘ದಿವಾನ್ ಕಾಟ್’ ಎಂಬ ವಸ್ತುವೂ ಶಬ್ದದ ಮಟ್ಟಿಗೆ ಅಣ್ಣತಮ್ಮಂದಿರು. ಹಗಲು ಕೂರಲು, ರಾತ್ರಿ ಮಲಗಲು, ಒಳಗಿನ ಪೆಟ್ಟಿಗೆಯಲ್ಲಿ ಚಳಿಗಾಲದ ಕಂಬಳಿ ತುಂಬಲು ಇದು ಅನುಕೂಲ.

ತೂಗುಮಂಚದ ಆಸೆಯೂ ಕೆಲವರಿಗುಂಟು. ಹಳೆಯ ತೊಟ್ಟಿಮನೆಯ ತೊಲೆಗೆ ಸರಪಳಿ ಬಿಗಿದು ತೂಗಬಿಟ್ಟ ಮಣೆ ನೋಡಲು ಚೆನ್ನ, ಮಧ್ಯಾಹ್ನದ ಜೊಂಪಿಗೂ ಚೆನ್ನ. ಕಾಂಕ್ರೀಟಿನ ಸೂರಿಗಾದರೆ ತಾರಸಿ ಹಾಕುವ ದಿನವೇ ಕಬ್ಬಿಣದ ಸರಳುಗಳಿಗೆ ಕೊಕ್ಕೆ ಸಿಕ್ಕಿಸಿರಬೇಕು. ಆಮೇಲೆ ತೂತು ಕೊರೆದು ನೇತುಹಾಕಿದ ಮಂಚದ ಮೇಲೆ ನೆಮ್ಮದಿಯಾಗಿ ನಿದ್ರೆ ಮಾಡುವ ಧೈರ್ಯವನ್ನು ದೇವರು ಎಲ್ಲರಿಗೂ ಕೊಟ್ಟಿಲ್ಲ.

ಇದೆಲ್ಲ ಸೊಗಸಿನ ಮಾತಾಯಿತು. ಮನುಷ್ಯನು ಮಂಚಕ್ಕೆ ನಾಲ್ಕು ಕಾಲು ಕೊಟ್ಟುದು ಬರಿಯ ಸೊಗಸಿಗಲ್ಲ ಎಂಬುದನ್ನೂ ನೆನೆಯಬೇಕಾಗಿದೆ. ಚೇಳು, ಹಾವು, ಇರುವೆಗಳ ದಾರಿಯಿಂದ ಮೈಯನ್ನು ಮೇಲೆತ್ತುವುದಕ್ಕೆ ಅವನು ಆ ಕಾಲುಗಳನ್ನು ಕೊಟ್ಟನು. ನೆಲದಲ್ಲಿಯೇ ಮಲಗುತ್ತಿದ್ದ ಮನೆಗಳಲ್ಲಿಯೂ ಮಗಳು ಬಾಣಂತಿಯಾಗಿ ಬಂದಾಗ ಎಲ್ಲಿಂದಲಾದರೂ ಒಂದು ಹಗ್ಗದ ಮಂಚವನ್ನು ತರುತ್ತಿದ್ದರು. ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಾವು ಕೊಡುವುದಕ್ಕೂ, ನೆಲದ ಥಂಡಿ ತಾಯಿ ಮಗುವಿಗೆ ತಗುಲದಿರುವುದಕ್ಕೂ ಅದು ಬೇಕಾಗಿತ್ತು. ತಿಂಗಳುಗಳು ಕಳೆದು ಅವಳು ಎದ್ದು ಓಡಾಡತೊಡಗಿದರೆ ಮಂಚ ಮರಳಿಹೋಗುತ್ತಿತ್ತು. ಅವಳು ಮತ್ತೆ ಚಾಪೆಗೆ ಇಳಿಯುತ್ತಿದ್ದಳು. ಮನೆಯಲ್ಲಿ ಸ್ವಂತದ್ದೊಂದು ಮಂಚವಿದ್ದರೆ ಅದು ಯಜಮಾನನದು. ಅವನ ಹೆಂಡತಿಯು ಐವತ್ತು ವರ್ಷ ಸಂಸಾರ ನಡೆಸಿಯೂ ಅದರ ಮೇಲಿನ ಧೂಳು ಒರೆಸಿದ್ದೇ ಹೆಚ್ಚು, ಮಲಗಿದ್ದು ಕಡಿಮೆ. ನೆಲದ ಹಾಸಿಗೆ ಇಂದಿನ ಸೊಸೆಗೆ ಹೊಸ ರುಚಿ; ಆಕೆಯ ಅತ್ತೆಗೆ ಅದು ಇಡೀ ಆಯುಷ್ಯ.

ಗುಬ್ಬಿಯ ಹಳೆಯ ಬೀದಿಯೊಂದರಲ್ಲಿ ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೀಟೆಯ ದೊಡ್ಡ ಮಂಚ. ಸೊಳ್ಳೆಪರದೆಗೆಂದು ನಾಲ್ಕು ಕಂಬ, ತಲೆದೆಸೆಯ ಹಲಗೆಯಲ್ಲಿ ಕೆತ್ತಿದ ಎರಡು ಗಿಳಿ. ಅದರ ಯಜಮಾನರು ಕಾಲವಾಗಿ ನಾಲ್ಕು ವರ್ಷ. ಮೊಮ್ಮಗನಿಗೆ ಮದುವೆಯಾಗಿ, ಅವನ ಹೆಂಡತಿಯು ಕೋಣೆಯನ್ನು ಹೊಸ ರೀತಿಯಲ್ಲಿ ಸಜ್ಜುಗೊಳಿಸಬೇಕೆಂದಿದ್ದಾಳೆ. ತಗ್ಗು ಚೌಕಟ್ಟು ಬಂದಿದೆ, ನಾರಿನ ಹಾಸಿಗೆ ಬಂದಿದೆ, ಹಾಸಲು ನವಲಗುಂದದ ಜಮಖಾನವೂ ಬಂದಿದೆ. ಗಿಳಿಯ ಮಂಚವನ್ನು ಮಾರಿಬಿಡೋಣವೆಂದು ಹಳೆಯ ಸಾಮಾನಿನವನನ್ನು ಕರೆಸಿದ್ದಾರೆ. ಅವನು ಬೀಟೆಯನ್ನು ತಟ್ಟಿ ನೋಡಿ, ಮುಖದಲ್ಲಿ ಏನೂ ತೋರಗೊಡದೆ, ಬೆಲೆ ಹೇಳುತ್ತಾನೆ.

ಅಷ್ಟು ಹೊತ್ತಿಗೆ ನಡುಮನೆಯಲ್ಲಿ ಅಜ್ಜಿಯು ತನ್ನ ಚಾಪೆಯಿಂದ ಏಳುತ್ತಿದ್ದಾಳೆ. ಮೊದಲು ಮಗ್ಗುಲಿಗೆ ಹೊರಳಬೇಕು. ಒಂದು ಕೈಯನ್ನು ನೆಲಕ್ಕೂರಬೇಕು. ಮಂಡಿಯೊಂದನ್ನು ಮಡಿಸಿ, ಇನ್ನೊಂದು ಕೈಯಿಂದ ಕಂಬವನ್ನು ಹಿಡಿದು, ಉಸಿರು ಕಟ್ಟಿ ಮೇಲೇಳಬೇಕು. ಎಪ್ಪತ್ತೈದು ವರ್ಷದ ಮಂಡಿಗೆ ಅದು ದಿನವೂ ಒಂದು ಬೆಟ್ಟ. ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಬೇಕಾಗಿ ಬಂದರೆ ಎರಡು ಬೆಟ್ಟ. ಅದಕ್ಕಾಗಿಯೇ ಅವಳು ಸಂಜೆಯಾದ ಮೇಲೆ ನೀರು ಕುಡಿಯುವುದನ್ನು ಬಿಟ್ಟಿದ್ದಾಳೆ. ಇದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಕೂತಾಗ ಪಾದ ನೆಲಕ್ಕೆ ಮುಟ್ಟುವ, ಮಂಡಿಯ ಮಟ್ಟದ ಒಂದೂವರೆ ಅಡಿ ಎತ್ತರದ ಆಸರೆಯಿದ್ದರೆ ಮುದಿ ಮೈ ತನ್ನಷ್ಟಕ್ಕೆ ಏಳುತ್ತದೆ. ವೈದ್ಯರು ಹೇಳುವುದೂ ಇಷ್ಟೇ. ಹೇಳಿಸಿಕೊಳ್ಳುವುದಕ್ಕೆ ಮಾತ್ರ ಅಜ್ಜಿಯನ್ನು ಯಾರೂ ಕರೆದುಕೊಂಡು ಹೋಗಿಲ್ಲ.

ಸೊಸೆಯ ಕಣ್ಣಿಗೆ ಅದು ಬಿತ್ತು. ಹಳೆಯ ಸಾಮಾನಿನವನಿಗೆ ಕಾಫಿ ಕೊಡಲು ಹೊರಬಂದವಳು ಲೋಟ ಹಿಡಿದು ನಿಂತೇ ನೋಡಿದಳು.

“ಅಜ್ಜೀ, ನೀವು ಮಂಚದ ಮೇಲೆ ಯಾಕೆ ಮಲಗೋದಿಲ್ಲ?”

“ಅದು ಅವರದಲ್ವೇನಮ್ಮ,” ಎಂದಳು ಅಜ್ಜಿ.

ಸಾಮಾನಿನವನು ಕಾಫಿ ಕುಡಿದು ಬರಿಗೈಯಲ್ಲಿ ಹೋದನು. ಬಡಗಿ ಬಂದನು. ಮಂಚವು ಎತ್ತರವಾಗಿತ್ತು, ಅಜ್ಜಿ ಕುಳ್ಳಗಿದ್ದಳು. ಕಾಲುಗಳನ್ನು ಐದು ಅಂಗುಲ ಕೊಯ್ಯಬೇಕಾಯಿತು. ಗಿಳಿಗಳನ್ನು ಮುಟ್ಟಬೇಡವೆಂದು ಅಜ್ಜಿಯೇ ಎದುರು ನಿಂತು ಹೇಳಿದಳು. ಮೊದಲ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ಬೀಳುತ್ತೇನೇನೋ ಎಂಬ ಭಯ. ಎರಡನೆಯ ರಾತ್ರಿ ಮಂಚವನ್ನು ಗೋಡೆಗೆ ಒತ್ತಿಸಿದರು, ನಿದ್ರೆ ಬಂದಿತು. ಮಂಚದ ಪಕ್ಕದಲ್ಲಿ ನೀರಿನ ಚೊಂಬು ಕಾಣಿಸಿಕೊಂಡಿತು.

ಜಾತ್ರೆಯ ಕಾಲಕ್ಕೆ ನಾಟಕದ ಹುಡುಗರು ಎಂದಿನಂತೆ ಬಂದರು. ಕೃಷ್ಣನಿಗೆ ಮಂಚ ಬೇಕು. ಹಿಂದೆಲ್ಲ ಯಜಮಾನರು ಕೊಡುತ್ತಿದ್ದರಂತೆ. ಮೊಮ್ಮಗನು ಏನು ಹೇಳಬೇಕೆಂದು ತೋರದೆ ಒಳಗೆ ನೋಡಿದನು. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅಜ್ಜಿಯೇ ಮಾತನಾಡಿದಳು.

“ತಗೊಂಡು ಹೋಗ್ರಪ್ಪ, ಆ ರಾತ್ರಿ ನಾನೂ ನಾಟಕದಲ್ಲೇ ಇರ್ತೀನಿ. ಆದ್ರೆ ಬೆಳಗ್ಗೆ ನಾನು ಬರೋ ಹೊತ್ತಿಗೆ ಮಂಚ ಇಲ್ಲಿರಬೇಕು. ಮತ್ತೆ, ಚಾಪೆ ಮೇಲೆ ಕೂರೋಕೆ ನನ್ನಿಂದಾಗಲ್ಲ. ಮುಂದುಗಡೆ ಒಂದು ಕುರ್ಚಿ ಹಾಕ್ಸಿ.”