ಜೋರ್ಡನ್‌ಗೆ ಎರಡನೇ ತಂಡ ಇತ್ತು, ಕುಣಿಗಲ್ ಹುಡುಗಿಗೆ?

ಕಳೆದ ತಿಂಗಳು ತುಮಕೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಸ್ಫೂರ್ತಿ ತುಂಬುವ ಕಾರ್ಯಕ್ರಮ ಇತ್ತು. ಹಳೇ ವಿದ್ಯಾರ್ಥಿನಿ ಅಂತ ನನ್ನನ್ನೂ ಕರೆದಿದ್ದರು. ಭಾಷಣಕಾರರು ಶುರು ಮಾಡಿದ್ದೇ ಮೈಕಲ್ ಜೋರ್ಡನ್ ಕಥೆಯಿಂದ. ಶಾಲಾ ತಂಡದಿಂದ ಹೊರಗೆ ಹಾಕಿದ್ದರಂತೆ, ಮನೆಗೆ ಹೋಗಿ ಅತ್ತನಂತೆ, ಹಟ ಹಿಡಿದು ಜಗತ್ತಿನ ನಂಬರ್ ಒನ್ ಆದನಂತೆ. 'ಸೋತವರು ಮನಸ್ಸು ಮಾಡಬೇಕು ಅಷ್ಟೇ' ಅಂದರು. ಚಪ್ಪಾಳೆ ಬಿತ್ತು. ಐದು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ ಜಿಲ್ಲಾ ಮಟ್ಟ ದಾಟಲಾಗದೆ ಬಿಟ್ಟವಳು ನಾನು. ನನ್ನ ಕೈ ಮಾತ್ರ ಮೇಲೇಳಲಿಲ್ಲ.

ಯಾಕಂದ್ರೆ ಆ ಕಥೆ ಅರ್ಧ. 1978ರಲ್ಲಿ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನಲ್ಲಿ ಹಿರಿಯರ ತಂಡಕ್ಕೆ ಜೋರ್ಡನ್ ಬದಲು ಆರೂವರೆ ಅಡಿ ಎತ್ತರದ ಲೆರಾಯ್ ಸ್ಮಿತ್‌ನನ್ನು ಆರಿಸಿದ್ದು ನಿಜ. ಆದರೆ ಜೋರ್ಡನ್‌ನನ್ನು ಯಾರೂ ಮನೆಗೆ ಕಳಿಸಲಿಲ್ಲ. ಅದೇ ಶಾಲೆಯ ಕಿರಿಯರ ತಂಡಕ್ಕೆ ಹಾಕಿದರು. ಅಲ್ಲಿ ಅವನಿಗೆ ಅಂಕಣ ಇತ್ತು, ಕೋಚ್ ಇದ್ದರು, ಆಡೋಕೆ ಪಂದ್ಯಗಳಿದ್ದವು. ಕಣ್ಣೀರು ಅವನದ್ದೇ, ಹಟವೂ ಅವನದ್ದೇ. ಆದರೆ ಆ ಎರಡನೇ ತಂಡವನ್ನು ಕಟ್ಟಿಟ್ಟಿದ್ದು ಒಂದು ವ್ಯವಸ್ಥೆ. ನಮ್ಮ ಭಾಷಣಗಳಲ್ಲಿ ಈ ಎರಡನೇ ತಂಡ ಕಾಣೆಯಾಗಿರುತ್ತೆ.

ನನ್ನ ಊರು ಗುಬ್ಬಿ. ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ರೈಲಿದೆ, ಶಿವಮೊಗ್ಗ ರಸ್ತೆಯಲ್ಲಿ ಬಸ್ಸುಗಳಿವೆ. ಸಂಜೆ ಪ್ರಾಕ್ಟೀಸ್ ಮುಗಿಸಿ ಏಳೂವರೆಗೆ ಹೊರಟರೂ ಅಮ್ಮ ಬೈಯುವ ಮೊದಲೇ ಮನೆ ಸೇರಬಹುದಿತ್ತು. ನಮ್ಮ ತಂಡದಲ್ಲಿ ಕುಣಿಗಲ್ ಕಡೆಯ ಹುಡುಗಿಯೊಬ್ಬಳಿದ್ದಳು. ಕುಣಿಗಲ್‌ಗೂ ರೈಲು ಬಂದಿದೆ, ಆದರೆ ಅದು ಬೆಂಗಳೂರು–ಹಾಸನ ಮಾರ್ಗ, ತುಮಕೂರು ಮುಟ್ಟುವುದೇ ಇಲ್ಲ. ಜಿಲ್ಲಾ ಕೇಂದ್ರಕ್ಕೆ ಬರೋಕೆ ನಲವತ್ತು ಕಿಲೋಮೀಟರ್ ಹತ್ತಿರ ಬಸ್ಸೇ ಗತಿ. ಅವಳ ಊರು ಕುಣಿಗಲ್‌ನಿಂದಲೂ ಒಳಗೆ. ಅಲ್ಲಿಗೆ ಹೋಗುವ ಕೊನೆಯ ಬಸ್ಸು ಹಿಡಿಯಬೇಕೆಂದರೆ ಐದು ಗಂಟೆಗೇ ಅಂಕಣ ಬಿಡಬೇಕು. ಪ್ರಾಕ್ಟೀಸ್ ಶುರುವಾಗುತ್ತಿದ್ದದ್ದೇ ನಾಲ್ಕೂವರೆಗೆ.

2014ರ ಒಂದು ಅಂತರ ಕಾಲೇಜು ಪಂದ್ಯ. ಒಂದು ಪಾಯಿಂಟ್ ಹಿಂದಿದ್ದೆವು, ಹತ್ತು ಸೆಕೆಂಡೂ ಉಳಿದಿರಲಿಲ್ಲ. ಚೆಂಡು ನನ್ನ ಕೈಯಲ್ಲಿ, ಇಬ್ಬರು ನನ್ನನ್ನೇ ಅಡ್ಡಗಟ್ಟಿದ್ದರು. ಕುಣಿಗಲ್ ಹುಡುಗಿ ಬುಟ್ಟಿಯ ಕೆಳಗೆ ಒಬ್ಬಳೇ ನಿಂತು ಕೈ ಎತ್ತಿದ್ದಳು. ನೋಡಿದೆ. ನೋಡಿಯೂ ಪಾಸ್ ಕೊಡಲಿಲ್ಲ. 'ಪ್ರಾಕ್ಟೀಸಿಗೆ ಅರ್ಧ ದಿನ ಬರದವಳಿಗೆ ಏನು ಕೊಡೋದು' ಅನ್ನೋದು ಆ ಗಳಿಗೆಯಲ್ಲಿ ತಲೆಯಲ್ಲಿದ್ದ ಮಾತು. ನಾನೇ ಎಸೆದೆ. ರಿಂಗ್‌ಗೆ ಬಡಿದು ಹೊರಗೆ ಬಿತ್ತು.

ಆ ಸೋಲನ್ನು ಬಹಳ ವರ್ಷ ನನ್ನ ಎಸೆತದ ತಪ್ಪು ಅಂದುಕೊಂಡಿದ್ದೆ. ಎಸೆತ ಚೆನ್ನಾಗೇ ಇತ್ತು. ತಪ್ಪಿದ್ದು ಲೆಕ್ಕಾಚಾರದಲ್ಲಿ. ಬಸ್ಸಿನ ವೇಳಾಪಟ್ಟಿಯನ್ನು ನಾನು ಅವಳ ಶ್ರದ್ಧೆಯ ಅಳತೆ ಅಂತ ಓದಿಬಿಟ್ಟಿದ್ದೆ. ಮುಂದಿನ ವರ್ಷದ ಆಯ್ಕೆಯಲ್ಲಿ ಹಾಜರಾತಿ ನೋಡಿ ಅವಳನ್ನು ಕೈಬಿಟ್ಟರು. ಎರಡನೇ ತಂಡ ಅಂತ ಒಂದಿರಲಿಲ್ಲ. ಕೆಲವೇ ತಿಂಗಳಲ್ಲಿ ಮದುವೆ ಆಯಿತು.

ಜೋರ್ಡನ್ ಕೂಡ ಇದನ್ನು ಕಲಿಯೋಕೆ ವರ್ಷಗಳನ್ನು ತೆಗೆದುಕೊಂಡರು. 1988, 89, 90 ಮೂರೂ ವರ್ಷ ಅವರ ಶಿಕಾಗೊ ಬುಲ್ಸ್ ತಂಡ ಡೆಟ್ರಾಯಿಟ್ ಪಿಸ್ಟನ್ಸ್ ಎದುರು ಸೋತು ಹೊರಬಿತ್ತು. ಅಂಕಗಳ ಪಟ್ಟಿಯಲ್ಲಿ ಮೇಲಿದ್ದವರು ಜೋರ್ಡನ್ನೇ, ಗೆದ್ದದ್ದು ಮಾತ್ರ ಎದುರಾಳಿ ತಂಡ. 1989ರಲ್ಲಿ ಕೋಚ್ ಆದ ಫಿಲ್ ಜಾಕ್ಸನ್ ಚೆಂಡನ್ನು ಐವರಿಗೂ ಹಂಚುವ ಆಟ ತಂದರು. 1991ರ ಫೈನಲ್ಸ್‌ನ ಕೊನೆಯ ಪಂದ್ಯದ ಕಡೇ ನಿಮಿಷಗಳಲ್ಲಿ ಒಂದರ ಮೇಲೊಂದು ಬುಟ್ಟಿ ಹಾಕಿದ್ದು ಜಾನ್ ಪ್ಯಾಕ್ಸನ್, ಬಿಡುವಾಗಿ ನಿಂತಿದ್ದವರು. ಪಾಸ್ ಕೊಟ್ಟಿದ್ದು ಜೋರ್ಡನ್. ರೀಲ್ಸ್‌ನಲ್ಲಿ ಈ ಭಾಗ ಯಾಕೋ ಓಡಲ್ಲ.

ಇದು ಅಮೆರಿಕದ ಬುದ್ಧಿ ಅಂತ ಯಾರೂ ಹೇಳಬೇಡಿ. ನಮ್ಮೂರಿನ ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ಅಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಾ ಬೆಳೆದ ಮುತ್ತುರಾಜ್ ಎಂಬ ಹುಡುಗ 1954ರಲ್ಲಿ 'ಬೇಡರ ಕಣ್ಣಪ್ಪ'ದ ನಾಯಕನಾಗಿ ರಾಜ್‌ಕುಮಾರ್ ಆದರು. ದೊಡ್ಡ ಪಾತ್ರ ಸಿಗದವನಿಗೂ ಕಂಪನಿಯಲ್ಲಿ ಊಟ ಇತ್ತು, ರಂಗ ಇತ್ತು, ಮುಂದಿನ ಊರಿನ ಕ್ಯಾಂಪ್ ಇತ್ತು.

ಈಗಿನ ಮಾತಿಗೆ ಬರೋಣ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ 'ಬಿ' ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡೇ ಪಾಯಿಂಟ್. 2019ರಲ್ಲಿ ಅದೇ ಅಂಕಣದಲ್ಲಿ ಮೇಲಿನ ಡಿವಿಷನ್ ಆಡಿ, ಒಂದೂ ಗೆಲ್ಲದೆ, ಎಂಟರಲ್ಲಿ ಎಂಟನೆಯವರಾದರು. ಆ ಆಟಗಾರ್ತಿಯರ ಮನೋಬಲ ಎರಡು ವರ್ಷದಲ್ಲಿ ಕರಗಿಹೋಯಿತಾ? ಇಲ್ಲ. ಜಪಾನ್, ಕೊರಿಯಾದ ಹುಡುಗಿಯರ ಬೆನ್ನಿಗೆ ದೇಶೀಯ ವೃತ್ತಿಪರ ಲೀಗ್‌ಗಳಿದ್ದವು. ನಮ್ಮವರ ಬೆನ್ನಿಗೆ ರೈಲ್ವೆ, ಪೊಲೀಸ್ ಇಲಾಖೆಯ ನೌಕರಿ ಮತ್ತು ವರ್ಷಕ್ಕೆ ಬೆರಳೆಣಿಕೆಯ ಟೂರ್ನಿಗಳು.

ತುಮಕೂರಿನಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣ ಹೊಸದಾಯಿತು. 2024ರ ಕೊನೆಯಲ್ಲಿ ಸೋರೆಕುಂಟೆ ಬಳಿ ಕ್ರಿಕೆಟ್ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯೂ ಆಯಿತು. ಬೇಡ ಅನ್ನುತ್ತಿಲ್ಲ. ಆದರೆ ದೊಡ್ಡ ಕ್ರೀಡಾಂಗಣ ಆಗಲೇ ಗೆದ್ದವರಿಗೆ. ಆಯ್ಕೆಯಲ್ಲಿ ಸೋತ ಹದಿನೈದರ ಹುಡುಗಿಗೆ ಬೇಕಿರುವುದು ತಾಲ್ಲೂಕಿನಲ್ಲೇ ಎರಡು ರಿಂಗು, ಒಂದು ಕಾಂಕ್ರೀಟ್ ಅಂಕಣ, ಸಂಜೆಗೆ ನಾಲ್ಕು ದೀಪ, ಖಾಲಿ ಬಿಡದ ದೈಹಿಕ ಶಿಕ್ಷಕರ ಹುದ್ದೆ.

ಸರ್ಕಾರಕ್ಕೆ ಇದು ಅರ್ಥವಾಗದ ವಿಷಯವೂ ಅಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಅದರ ಬಗ್ಗೆ ಟೀಕೆಗಳಿವೆ, ಶಿಕ್ಷಕರ ಹೊರೆಯ ಪ್ರಶ್ನೆ ನಿಜವೇ. ಆದರೂ ಫೇಲಾದ ಮಗುವಿಗೆ ಭಾಷಣ ಸಾಲದು, ಇನ್ನೊಂದು ದಿನಾಂಕ ಬೇಕು ಅನ್ನೋ ತಿಳುವಳಿಕೆ ಅದರಲ್ಲಿದೆ. ಆಟಕ್ಕೆ ಆ ದಿನಾಂಕ ಯಾಕಿಲ್ಲ? ಪ್ರತಿ ಕಾಲೇಜು ಹನ್ನೆರಡು ಜನರ ಪಟ್ಟಿಯ ಜೊತೆಗೆ ಇನ್ನೊಂದು ಹನ್ನೆರಡರ ಪಟ್ಟಿ ಮಾಡಿ, ಅವರಿಗೂ ತಾಲ್ಲೂಕು ತಂಡಗಳ ಎದುರು ಪಂದ್ಯ ಇಡೋಕೆ ಎಷ್ಟು ಖರ್ಚಾದೀತು?

2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ನಮ್ಮ ಕಾಲದಲ್ಲಿ ಇದ್ದಿದ್ದರೆ ಕುಣಿಗಲ್ ಹುಡುಗಿಗೆ ಪಾಸಿನ ದುಡ್ಡು ಉಳಿಯುತ್ತಿತ್ತು, ಮನೆಯಲ್ಲಿ ಒಂದು ಜಗಳ ಕಡಿಮೆ ಆಗುತ್ತಿತ್ತು. ದೊಡ್ಡ ವಿಷಯವೇ. ಆದರೆ ಟಿಕೆಟ್ ಉಚಿತ ಆದರೆ ಸಾಲದು, ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಹಳ್ಳಿಗೆ ಹೋಗುವ ಬಸ್ಸು ಇರಬೇಕು. ಡಿಪೊ ಮ್ಯಾನೇಜರ್ ಬರೆಯುವ ವೇಳಾಪಟ್ಟಿಯೂ ಕ್ರೀಡಾ ನೀತಿಯೇ.

ಆ ಕಾರ್ಯಕ್ರಮದಿಂದ ಬಂದ ರಾತ್ರಿ ಅವಳಿಗೆ ಫೋನ್ ಮಾಡಿದೆ. ಹತ್ತು ವರ್ಷ ಕಳೆದ ಮೇಲೆ ಆ ಪಾಸಿನ ಬಗ್ಗೆ ಕ್ಷಮೆ ಕೇಳಿದೆ. ಅವಳಿಗೆ ನೆನಪೇ ಇಲ್ಲವಂತೆ, ನಕ್ಕಳು. ಸುಳ್ಳು ಹೇಳಿದಳೇನೋ. ಮಗಳು ಮೂರನೇ ಕ್ಲಾಸು, ವಯಸ್ಸಿಗಿಂತ ಎತ್ತರ ಬೆಳೀತಿದ್ದಾಳಂತೆ. ಬ್ಯಾಸ್ಕೆಟ್‌ಬಾಲ್‌ಗೆ ಹಾಕೇ ಅಂದೆ.

'ಹಾಕ್ತೀನಿ ಕಣೇ,' ಅಂದಳು. 'ಈಗ ನಮ್ಮೂರ್ ಕಡೆ ಕೊನೇ ಬಸ್ಸು ಎಷ್ಟೊತ್ತಿಗೆ, ಸ್ವಲ್ಪ ಕೇಳ್ ಹೇಳ್ತೀಯಾ?'